ಅಡ್ರಿಯಾನೊ ಅವರ ಕುಸಿತ ನಿಜಕ್ಕೂ ಯಾವಾಗ ಆರಂಭವಾಯಿತು?

ರಾತ್ರಿಪಂದ್ಯ (ಪ್ರಶ್ನೆ)

ಇಟಲಿಯ ಫುಟ್‌ಬಾಲ್ ಕ್ಲಬ್ ಇಂಟರ್ ಮಿಲಾನ್‌ನ ಅಭಿಮಾನಿಗಳು ‘ಚಕ್ರವರ್ತಿ’ ಎಂದು ಕರೆಯುತ್ತಿದ್ದ ಬ್ರೆಜಿಲ್‌ನ ಸ್ಟ್ರೈಕರ್ ಅಡ್ರಿಯಾನೊ ಅವರ ಬಗ್ಗೆ ಎಲ್ಲಿ ಓದಿದರೂ ಕಥೆ ಒಂದೇ ಧಾಟಿಯಲ್ಲಿ ಸಾಗುತ್ತದೆ. 2004ರ ಜುಲೈನಲ್ಲಿ ಪೆರುವಿನಲ್ಲಿ ನಡೆದ ದಕ್ಷಿಣ ಅಮೆರಿಕದ ಟೂರ್ನಿ ಕೋಪಾ ಅಮೆರಿಕವನ್ನು ಅವರು ಬ್ರೆಜಿಲ್‌ಗೆ ಗೆಲ್ಲಿಸಿಕೊಟ್ಟರು, ಕೆಲವೇ ದಿನಗಳಲ್ಲಿ ತಂದೆ ಅಲ್ಮಿರ್ ಹೃದಯಾಘಾತದಿಂದ ತೀರಿಕೊಂಡರು, ಆ ಸುದ್ದಿ ತಂದ ದೂರವಾಣಿ ಕರೆಯೊಂದಿಗೆ ಆಟಗಾರನೂ ಮುಗಿದುಹೋದ ಎಂಬುದು ಆ ಕಥೆಯ ಸಾರ. ಕೇಳಲು ಮನಸ್ಸು ಕಲಕುವಂತಿದೆ. ಆದರೆ ಹಳೆಯ ಪಂದ್ಯಗಳನ್ನು ಮತ್ತೆ ನೋಡುತ್ತಾ ಹೋದಂತೆ ದಿನಾಂಕಗಳು ಈ ಕಥೆಗೆ ಹೊಂದುವುದಿಲ್ಲ ಎಂಬ ಸಂಶಯ ನನ್ನಲ್ಲಿ ಬಲವಾಗುತ್ತಿದೆ.

ಇಟಲಿಯ ಉದಿನೇಸೆ ಕ್ಲಬ್ಬಿನ ವಿರುದ್ಧ ತಮ್ಮದೇ ಅರ್ಧದಿಂದ ಚೆಂಡನ್ನು ಒಯ್ದು, ಎದುರಾದವರನ್ನೆಲ್ಲ ಒಬ್ಬೊಬ್ಬರನ್ನಾಗಿ ದಾಟಿ ಹೊಡೆದ ಆ ಪ್ರಸಿದ್ಧ ಗೋಲು ಬಂದದ್ದು 2004ರ ಅಕ್ಟೋಬರ್‌ನಲ್ಲಿ, ಅಂದರೆ ತಂದೆ ತೀರಿಕೊಂಡ ಮೇಲೆ. ಚಾಂಪಿಯನ್ಸ್ ಲೀಗ್‌ನಲ್ಲಿ ಪೋರ್ಟೊ ವಿರುದ್ಧದ ಹ್ಯಾಟ್ರಿಕ್ 2005ರ ಮಾರ್ಚ್‌ನದು. ಅದೇ ವರ್ಷದ ಜೂನ್‌ನಲ್ಲಿ ಜರ್ಮನಿಯಲ್ಲಿ ನಡೆದ ಕಾನ್ಫೆಡರೇಷನ್ಸ್ ಕಪ್‌ನಲ್ಲಿ ಐದು ಗೋಲು ಗಳಿಸಿ, ಶ್ರೇಷ್ಠ ಆಟಗಾರ ಮತ್ತು ಅತಿ ಹೆಚ್ಚು ಗೋಲು ಗಳಿಸಿದವರು ಎಂಬ ಎರಡೂ ಪ್ರಶಸ್ತಿಗಳನ್ನು ಅವರೇ ಪಡೆದರು. ಫೈನಲ್‌ನಲ್ಲಿ ಅರ್ಜೆಂಟೀನಾವನ್ನು ಬ್ರೆಜಿಲ್ 4–1ರಿಂದ ಸೋಲಿಸಿದಾಗ ಎರಡು ಗೋಲು ಅವರದಾಗಿದ್ದವು. ಮುಗಿದುಹೋದ ಆಟಗಾರನೊಬ್ಬ ಹೀಗೆ ಆಡಲು ಸಾಧ್ಯವೇ? ಹಾಗಿದ್ದರೆ ಅವರ ಕುಸಿತವನ್ನು ನಾವು ಎಲ್ಲಿಂದ ಲೆಕ್ಕ ಹಾಕಬೇಕು, ಮತ್ತು ತಂದೆಯ ಸಾವನ್ನೇ ಏಕೈಕ ಕಾರಣವೆನ್ನುವುದು ಎಷ್ಟರಮಟ್ಟಿಗೆ ಸರಿ? ಆ ವರ್ಷಗಳ ಇಟಲಿ ಲೀಗನ್ನು ನಿಯಮಿತವಾಗಿ ನೋಡಿದವರು ಬರೆದರೆ ಉಪಕಾರವಾಗುತ್ತದೆ.

ಅಂಕಿಪುಸ್ತಕ

ರಾತ್ರಿಪಂದ್ಯ ಅವರೇ, ನಿಮ್ಮ ಸಂಶಯಕ್ಕೆ ಆಧಾರವಿದೆ. ಇಟಲಿ ಲೀಗ್‌ನ ಗೋಲುಗಳನ್ನಷ್ಟೇ ಸಾಲಾಗಿ ಇಟ್ಟು ನೋಡೋಣ. ಇಂಟರ್ ಅಡ್ರಿಯಾನೊ ಅವರನ್ನು ಇಟಲಿಯದೇ ಪಾರ್ಮಾ ಕ್ಲಬ್ಬಿಗೆ ಬಿಟ್ಟುಕೊಟ್ಟಿದ್ದ ಅವಧಿಯಲ್ಲಿ 37 ಲೀಗ್ ಪಂದ್ಯಗಳಿಂದ 23 ಗೋಲು. 2004ರ ಜನವರಿಯಲ್ಲಿ ಇಂಟರ್‌ಗೆ ಮರಳಿದ ಮೇಲೆ ಆ ಋತುವಿನ ಉಳಿದ 16 ಪಂದ್ಯಗಳಲ್ಲಿ 9. ತಂದೆ ತೀರಿಕೊಂಡ ನಂತರದ 2004–05ರಲ್ಲಿ 16, ಮರುವರ್ಷ 13. ಆಮೇಲೆ 2006–07ರಲ್ಲಿ ಒಮ್ಮೆಲೇ 5ಕ್ಕೆ ಇಳಿಯುತ್ತದೆ, 2007–08ರಲ್ಲಿ ಬ್ರೆಜಿಲ್‌ಗೆ ಮರಳುವ ಮುನ್ನ ಕೇವಲ 1. ಲೆಕ್ಕದ ಪ್ರಕಾರ ಪ್ರಪಾತ ಇರುವುದು 2004ರಲ್ಲಲ್ಲ, 2006ರ ವಿಶ್ವಕಪ್‌ನ ಆಚೀಚೆ.

ಆದರೆ ಈ ಲೆಕ್ಕವನ್ನು ನಾನೇ ಪೂರ್ತಿಯಾಗಿ ನಂಬುವುದಿಲ್ಲ ಎಂಬುದನ್ನೂ ಹೇಳಬೇಕು. ಅಡ್ರಿಯಾನೊ ಅವರ ಆಟ ನಿಂತಿದ್ದುದು ದೇಹಬಲದ ಮೇಲೆ. ರಕ್ಷಣಾ ಆಟಗಾರನನ್ನು ಬೆನ್ನಿಗೆ ಆನಿಸಿಕೊಂಡೇ ತಿರುಗುವುದು, ಇಪ್ಪತ್ತೈದು ಮೀಟರ್ ದೂರದಿಂದ ಎಡಗಾಲಿನಲ್ಲಿ ಬಾರಿಸುವುದು, ಅರ್ಧ ಮೈದಾನದ ಓಟದಲ್ಲಿ ಮೈಗೆ ಮೈ ತಾಗಿದರೂ ಬೀಳದಿರುವುದು ಇವೆಲ್ಲಕ್ಕೂ ಬೇಕಾದ ಕಸುವು ಹತ್ತೊಂಬತ್ತರಿಂದ ಇಪ್ಪತ್ತೆರಡರ ವಯಸ್ಸಿನಲ್ಲಿ ಕಟ್ಟಿಕೊಂಡದ್ದು, ಮತ್ತು ಅಭ್ಯಾಸ ಸಡಿಲವಾದ ಮೇಲೂ ಅಂಥ ಕಸುವು ಒಂದೆರಡು ವರ್ಷ ಕೈಬಿಡುವುದಿಲ್ಲ. ಹಾಗಾಗಿ 2005ರ ಗೋಲುಗಳು 2003ರ ದುಡಿಮೆಯ ಫಲವಾಗಿದ್ದವೆಂದು ನಾನು ಓದಿಕೊಳ್ಳುತ್ತೇನೆ. ಇದು ಊಹೆಯೇ ಹೊರತು ಲೆಕ್ಕವಲ್ಲ.

ಇನ್ನೊಂದು ಮಾತು. ಇಟಲಿಯ ರೇಡಿಯೊ ಕಾರ್ಯಕ್ರಮವೊಂದು ವರ್ಷದ ಅತ್ಯಂತ ನಿರಾಶಾದಾಯಕ ಆಟಗಾರನಿಗೆ ‘ಚಿನ್ನದ ಕಸದಬುಟ್ಟಿ’ ಎಂಬ ಅಣಕದ ಪ್ರಶಸ್ತಿ ಕೊಡುತ್ತಿತ್ತು. ಅಡ್ರಿಯಾನೊ ಅವರಿಗೆ ಅದು 2006, 2007 ಮತ್ತು 2010ರಲ್ಲಿ, ಒಟ್ಟು ಮೂರು ಬಾರಿ ಸಂದಿತು. ಮೊದಲ ಸಲ ಕೊಟ್ಟದ್ದು ಯಾವ ವರ್ಷವೆಂದು ಗಮನಿಸಿ: ಅಭಿಮಾನಿಗಳ ಕಣ್ಣಿಗೂ ಬಿರುಕು ಕಂಡದ್ದು ಆಗಲೇ.

ಎಡಗಾಲು

ಇಬ್ಬರೂ ಆಟಗಾರನನ್ನು ನೋಡುತ್ತಿದ್ದೀರಿ; ಆ ತಂದೆ ಯಾರಾಗಿದ್ದರು ಎಂಬುದನ್ನು ನೋಡದೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲವೆಂದು ನನ್ನ ಅಭಿಪ್ರಾಯ.

ಅಡ್ರಿಯಾನೊ ಹುಟ್ಟಿದ್ದು 1982ರ ಫೆಬ್ರವರಿಯಲ್ಲಿ, ರಿಯೊ ಡಿ ಜನೈರೊದಲ್ಲಿ. ಬೆಳೆದದ್ದು ಅಲ್ಲಿನ ವಿಲಾ ಕ್ರುಜೇಯ್ರೊ ಎಂಬ ಬಡವರ ಬಡಾವಣೆಯಲ್ಲಿ. ಅವರಿಗೆ ಹತ್ತು ವರ್ಷವಾಗಿದ್ದಾಗ ಅಲ್ಲಿ ನಡೆದ ಗುಂಡಿನ ಚಕಮಕಿಯಲ್ಲಿ ದಾರಿತಪ್ಪಿ ಬಂದ ಗುಂಡೊಂದು ತಂದೆಯ ತಲೆಗೆ ತಗುಲಿತು. ಜೀವ ಉಳಿಯಿತು, ಆದರೆ ಗುಂಡನ್ನು ಹೊರತೆಗೆಯಲಾಗಲಿಲ್ಲ. ಮುಂದಿನ ಹನ್ನೆರಡು ವರ್ಷ ಆ ಮನುಷ್ಯ ತಲೆಯೊಳಗೆ ಸೀಸವನ್ನಿಟ್ಟುಕೊಂಡೇ ಬದುಕಿದರು. ಯಾವ ಗಳಿಗೆಯಲ್ಲಾದರೂ ಅಪ್ಪನನ್ನು ಕಳೆದುಕೊಳ್ಳಬಹುದೆಂಬ ಭಯದ ನಡುವೆ ಬೆಳೆದ ಹುಡುಗನಿಗೆ 2004ರ ಕರೆ ಅನಿರೀಕ್ಷಿತ ಸಿಡಿಲಾಗಿರಲಿಲ್ಲ. ಬಾಲ್ಯದಿಂದ ಕಾಯುತ್ತಿದ್ದ ಕೇಡು ಕೊನೆಗೂ ಬಂದದ್ದಾಗಿತ್ತು. ಅದೂ ಎಂಥ ಹೊತ್ತಿನಲ್ಲಿ! ಲೀಮಾದ ಫೈನಲ್‌ನಲ್ಲಿ ಅರ್ಜೆಂಟೀನಾ 2–1ರಿಂದ ಮುಂದಿದ್ದು, ಎದುರಾಳಿಗಳು ಗೆದ್ದೇ ಬಿಟ್ಟೆವೆಂದುಕೊಂಡಿದ್ದಾಗ, ತೊಂಬತ್ತು ನಿಮಿಷಗಳ ಮೇಲೆ ಸೇರಿಸಿದ ಸಮಯದ ಮೂರನೇ ನಿಮಿಷದಲ್ಲಿ ಚೆಂಡನ್ನು ಮೇಲಕ್ಕೆತ್ತಿ ತಿರುಗಿ ಎಡಗಾಲಿನಲ್ಲಿ ಹೊಡೆದು ಪಂದ್ಯವನ್ನು ಪೆನಾಲ್ಟಿಗಳಿಗೆ ಒಯ್ದು, ಏಳು ಗೋಲುಗಳೊಂದಿಗೆ ಟೂರ್ನಿಯ ಅಗ್ರಸ್ಥಾನದಲ್ಲಿ ನಿಂತಿದ್ದ ಹೊತ್ತಿನಲ್ಲಿ. ಬ್ರೆಜಿಲ್‌ನ ಅಂದಿನ ದೊಡ್ಡ ತಾರೆಗಳಾದ ರೊನಾಲ್ಡೊ, ರೊನಾಲ್ಡಿನೊ, ಕಾಕಾ ಯಾರೂ ಇಲ್ಲದ ತಂಡವದು.

ಇಂಟರ್‌ನ ನಾಯಕ ಹವಿಯರ್ ಜನೆಟಿ ಆ ದಿನದ ಬಗ್ಗೆ ಹಲವು ಬಾರಿ ಮಾತನಾಡಿದ್ದಾರೆ. ಕರೆ ಬಂದಾಗ ಅಡ್ರಿಯಾನೊ ಫೋನನ್ನು ಎಸೆದು ಕಿರುಚತೊಡಗಿದರೆಂದೂ, ಅಂದಿನಿಂದ ತಾವೂ ಕ್ಲಬ್ಬಿನ ಅಧ್ಯಕ್ಷ ಮೊರಾಟಿ ಅವರೂ ಆತನನ್ನು ತಮ್ಮನಂತೆ ಕಾಪಾಡಲು ಯತ್ನಿಸಿದರೆಂದೂ, ಆದರೂ ಖಿನ್ನತೆಯಿಂದ ಹೊರತರಲಾಗಲಿಲ್ಲವೆಂದೂ, ತಮ್ಮ ಆಟದ ಬದುಕಿನ ದೊಡ್ಡ ಸೋಲು ಬಹುಶಃ ಅದೇ ಎಂದೂ ಅವರು ಹೇಳಿಕೊಂಡಿದ್ದಾರೆ. ಇಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ‘ಯತ್ನಿಸಿದರು’ ಎಂಬ ಆ ಮಾತು. ಸಹ ಆಟಗಾರನೊಬ್ಬ, ಕ್ಲಬ್ಬಿನ ಒಡೆಯರೊಬ್ಬರು ಪ್ರೀತಿಯಿಂದ ಪಕ್ಕದಲ್ಲಿ ಕೂತಿದ್ದರು, ಅದು ದೊಡ್ಡದು. ಆದರೆ ಮೊಣಕಾಲಿನ ಸ್ನಾಯು ಹರಿದಿದ್ದರೆ ಅಂದೇ ತಜ್ಞರ ಬಳಿಗೆ ಒಯ್ದು ಆರು ತಿಂಗಳು ಮೈದಾನದಿಂದ ದೂರವಿಡುತ್ತಿದ್ದ ಒಂದು ವ್ಯವಸ್ಥೆ, ಶೋಕದಲ್ಲಿದ್ದ ಇಪ್ಪತ್ತೆರಡರ ಯುವಕನನ್ನು ಅದೇ ತಿಂಗಳು ಚಾಂಪಿಯನ್ಸ್ ಲೀಗ್‌ನ ಅರ್ಹತಾ ಪಂದ್ಯಕ್ಕೆ ಇಳಿಸಿತು, ಆತ ಗೋಲು ಹೊಡೆದದ್ದರಿಂದ ಎಲ್ಲವೂ ಸರಿಯಿದೆಯೆಂದು ನಂಬಿತು. ನೀವು ಪುರಾವೆಯಾಗಿ ಕೊಟ್ಟಿರುವ 2005ರ ಗೋಲುಗಳೇ, ರಾತ್ರಿಪಂದ್ಯ ಅವರೇ, ಆತನ ರೋಗವನ್ನು ಮುಚ್ಚಿಟ್ಟ ಪರದೆಯಾಗಿದ್ದವು. ಗೋಲು ಬರುತ್ತಿರುವಷ್ಟು ದಿನ ಸ್ಟ್ರೈಕರ್ ಒಬ್ಬನನ್ನು ಹೇಗಿದ್ದೀಯೆಂದು ಯಾರೂ ಗಂಭೀರವಾಗಿ ಕೇಳುವುದಿಲ್ಲ.

ಕುಡಿತದ ವಿಷಯವನ್ನು ಅಡ್ರಿಯಾನೊ ಅವರೇ ನಂತರದ ವರ್ಷಗಳಲ್ಲಿ ಬಚ್ಚಿಡದೆ ಹೇಳಿಕೊಂಡಿದ್ದಾರೆ, ಹಾಗಾಗಿ ಅದನ್ನು ಪಿಸುಮಾತಿನಲ್ಲಿ ಆಡಬೇಕಾಗಿಲ್ಲ. ಅಭ್ಯಾಸಕ್ಕೆ ಆ ಸ್ಥಿತಿಯಲ್ಲಿ ಬರುತ್ತಿದ್ದರು, ಕ್ಲಬ್ಬು ಪತ್ರಿಕೆಗಳಿಗೆ ಸ್ನಾಯು ನೋವೆಂದು ಹೇಳುತ್ತಿತ್ತು ಎಂಬುದು ಅವರದೇ ಮಾತು.

ಗೋಲುಗಂಬ

ಎಡಗಾಲು ಅವರ ಬರಹವನ್ನು ಗೌರವದಿಂದ ಓದಿದೆ. ಆದರೂ ‘ಕುಸಿತ’ದ ಈ ಚರ್ಚೆಯ ಬುಡದಲ್ಲಿದ್ದೂ ಯಾರೂ ಬಾಯಿಬಿಟ್ಟು ಹೇಳದ ಒಂದು ಪದವನ್ನು ಪ್ರಶ್ನಿಸದೆ ಇರಲಾರೆ: ನಿರೀಕ್ಷೆ. ಯಾರ ನಿರೀಕ್ಷೆ?

2001ರ ಆಗಸ್ಟ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ನ ಬರ್ನಬೇವು ಕ್ರೀಡಾಂಗಣದಲ್ಲಿ ನಡೆದ ಸ್ನೇಹಪಂದ್ಯದಲ್ಲಿ, ಇಂಟರ್ ಪರವಾಗಿ ಬದಲಿ ಆಟಗಾರನಾಗಿ ಬಂದ ಹತ್ತೊಂಬತ್ತರ ಹುಡುಗ ಬಾರಿಸಿದ ಒಂದು ಫ್ರೀ ಕಿಕ್ ಗೋಲಿನ ಮೇಲೆ ಈ ನಿರೀಕ್ಷೆಯ ಕಟ್ಟಡದ ಮೊದಲ ಅಂತಸ್ತು ಎದ್ದಿತು. ಮರುವರ್ಷ ರೊನಾಲ್ಡೊ ಇಂಟರ್ ಬಿಟ್ಟು ಅದೇ ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಖಾಲಿಯಾದ ಸಿಂಹಾಸನಕ್ಕೆ ಅದೇ ದೇಶದ, ಅದೇ ಸ್ಥಾನದ ಇನ್ನೊಬ್ಬ ಸಿಕ್ಕನೆಂದು ಎಲ್ಲರೂ ತೀರ್ಮಾನಿಸಿದರು. ರೊನಾಲ್ಡೊ ಜೊತೆ ಹೋಲಿಸಿದರೆ ಯಾರ ವೃತ್ತಿಜೀವನ ತಾನೇ ಅಪೂರ್ಣವಲ್ಲ? ರಿಯೊದ ಫ್ಲಮೆಂಗೊ ಕ್ಲಬ್ಬಿನ ಕಿರಿಯರ ತಂಡದಲ್ಲಿ ಆರಂಭದಲ್ಲಿ ಎಡಬದಿಯ ರಕ್ಷಣಾ ಆಟಗಾರನಾಗಿ ಆಡುತ್ತಿದ್ದ ಒಬ್ಬ ಹುಡುಗ ರಾಷ್ಟ್ರೀಯ ತಂಡಕ್ಕೆ 48 ಪಂದ್ಯಗಳಲ್ಲಿ 27 ಗೋಲು ಗಳಿಸಿದ್ದನ್ನು ಬೇರೆ ಯಾವ ದೇಶದಲ್ಲಾದರೂ ಸೋಲೆನ್ನುತ್ತಾರೆಯೇ?

2006ರ ವಿಶ್ವಕಪ್‌ಗೂ ಇದೇ ಮಾತು ಅನ್ವಯಿಸುತ್ತದೆ. ರೊನಾಲ್ಡೊ, ಅಡ್ರಿಯಾನೊ, ರೊನಾಲ್ಡಿನೊ, ಕಾಕಾ ನಾಲ್ವರನ್ನೂ ಒಟ್ಟಿಗೆ ಕಣಕ್ಕಿಳಿಸಿದ ಕೋಚ್ ಪರೇರಾ ಅವರ ತಂಡ ಕಾಗದದ ಮೇಲೆ ಕಂಗೊಳಿಸುತ್ತಿತ್ತು. ಮೈದಾನದಲ್ಲಾದರೋ ಒಂದೇ ಜಾಗವನ್ನು ಬಯಸುವ ಇಬ್ಬರು ಭಾರಿ ಸ್ಟ್ರೈಕರ್‌ಗಳು ಒಬ್ಬರ ಕಾಲನ್ನು ಇನ್ನೊಬ್ಬರು ತುಳಿಯುತ್ತಿದ್ದರು, ಅಂಚಿನಲ್ಲಿ ಓಡುವವರೇ ಇರಲಿಲ್ಲ. ಅಡ್ರಿಯಾನೊ ಆಸ್ಟ್ರೇಲಿಯಾ ಮತ್ತು ಘಾನಾ ವಿರುದ್ಧ ಒಂದೊಂದು ಗೋಲು ಗಳಿಸಿದರು. ಫ್ರಾನ್ಸ್ ವಿರುದ್ಧದ ಕ್ವಾರ್ಟರ್ ಫೈನಲ್‌ಗೆ ಅವರನ್ನು ಹೊರಗೆ ಕೂರಿಸಿ, ಸೋಲುತ್ತಿದ್ದಾಗ ದ್ವಿತೀಯಾರ್ಧದಲ್ಲಿ ಒಳಗೆ ಕಳಿಸಿದರು. ತಂಡ 1–0ರಿಂದ ಸೋತಿತು. ಆ ಸೋಲಿನ ಹೊರೆಯನ್ನು ರೊನಾಲ್ಡೊ ಹಿಂದಿನ ವಿಶ್ವಕಪ್‌ನ ಕೀರ್ತಿಯಿಂದ ತೀರಿಸಿದರು. ಅಡ್ರಿಯಾನೊ ಬಳಿ ಹಾಗೆ ತೀರಿಸಲು ಹಳೆಯ ವಿಶ್ವಕಪ್ ಇರಲಿಲ್ಲ. ಅವರು ಇಂಟರ್‌ಗೆ ಮರಳುವ ಹೊತ್ತಿಗೆ ಅಲ್ಲಿ ಸ್ಟ್ರೈಕರ್‌ಗಳಾದ ಇಬ್ರಾಹಿಮೊವಿಚ್ ಮತ್ತು ಕ್ರೆಸ್ಪೊ ಬಂದು ಸೇರಿಯಾಗಿತ್ತು.

ಬದಲಿಆಟಗಾರ

ಇಲ್ಲಿಯವರೆಗಿನ ಉತ್ತರಗಳಲ್ಲಿ ತಪ್ಪು ಎಲ್ಲರದು: ಶೋಕದ್ದು, ಕ್ಲಬ್ಬಿನದು, ಕೋಚ್‌ನದು, ಅಭಿಮಾನಿಗಳದು. ಅಡ್ರಿಯಾನೊ ಅವರದು ಮಾತ್ರ ಅಲ್ಲ. ಇದರಲ್ಲಿ ಕರುಣೆಯಿದೆ, ಆದರೆ ಆತನನ್ನು ಸ್ವಂತ ನಿರ್ಧಾರಗಳೇ ಇಲ್ಲದ ಮಗುವನ್ನಾಗಿ ಮಾಡುವ ಅಪಾಯವೂ ಇದೆ.

ಮೊರಿನೊ ಇಂಟರ್‌ನ ಕೋಚ್ ಆಗಿದ್ದ ಕಾಲವನ್ನೇ ನೋಡಿ. 2009ರ ಫೆಬ್ರವರಿಯ ಮಿಲಾನ್ ಡರ್ಬಿಯಲ್ಲಿ (ಅದೇ ಊರಿನ ಎಸಿ ಮಿಲಾನ್ ವಿರುದ್ಧದ ಪಂದ್ಯ) ತಲೆಯಿಂದ ಹೊಡೆದ ಚೆಂಡು ಕೈಗೆ ತಾಗಿ ಒಳಹೋದ ಆ ವಿವಾದಾತ್ಮಕ ಗೋಲಿನವರೆಗೂ ಅವರಿಗೆ ಅವಕಾಶ ಸಿಗುತ್ತಲೇ ಇತ್ತು. ಎರಡು ತಿಂಗಳೊಳಗೆ, ವಿಶ್ವಕಪ್ ಅರ್ಹತಾ ಪಂದ್ಯಗಳಿಗಾಗಿ ರಾಷ್ಟ್ರೀಯ ತಂಡ ಸೇರಲು ಹೋದವರು ಇಟಲಿಗೆ ಮರಳಲೇ ಇಲ್ಲ. ಆಟದ ಸಂತೋಷ ಹೋಗಿದೆಯೆಂದರು. ಏಪ್ರಿಲ್‌ನಲ್ಲಿ ಒಪ್ಪಂದ ರದ್ದಾಯಿತು. ಅಚ್ಚರಿಯೆಂದರೆ, ಅದೇ ವರ್ಷ ಫ್ಲಮೆಂಗೊ ಸೇರಿ ಬ್ರೆಜಿಲ್ ಲೀಗ್‌ನಲ್ಲಿ 19 ಗೋಲು ಗಳಿಸಿ, ಡಿಯೆಗೊ ಟಾರ್ಡೆಲಿ ಜೊತೆಗೆ ಅಗ್ರಸ್ಥಾನ ಹಂಚಿಕೊಂಡು, 1992ರ ನಂತರ ಕೈಗೂಡದಿದ್ದ ಪ್ರಶಸ್ತಿಯನ್ನು ತಮ್ಮ ಬಾಲ್ಯದ ಕ್ಲಬ್ಬಿಗೆ ತಂದುಕೊಟ್ಟರು. ಅಂದರೆ 27ರ ವಯಸ್ಸಿನಲ್ಲಿ ಕಾಲಿನಲ್ಲಿ ಆಟ ಉಳಿದಿತ್ತು. ಎಲ್ಲಿ ಆಡಬೇಕು, ಯಾರ ನಡುವೆ ಬದುಕಬೇಕು ಎಂಬುದನ್ನು ಅವರೇ ಆರಿಸಿಕೊಂಡರು. ಅದಕ್ಕೆ ತೆತ್ತ ಬೆಲೆಯೂ ಅವರದೇ. ಶಿಸ್ತನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದ ಬ್ರೆಜಿಲ್ ಕೋಚ್ ಡುಂಗಾ 2010ರ ವಿಶ್ವಕಪ್ ತಂಡದಿಂದ ಅವರನ್ನು ಬಿಟ್ಟು ಗ್ರಾಫಿಟೆ ಅವರನ್ನು ಆಯ್ದುಕೊಂಡಾಗ ನನಗೆ ಆಶ್ಚರ್ಯವಾಗಿರಲಿಲ್ಲ.

ಆಮೇಲೆ ಇಟಲಿಯ ರೋಮಾ ಕ್ಲಬ್ಬಿಗೆ ಹೋದ ಅಧ್ಯಾಯದ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ: ಮೂರು ವರ್ಷದ ಒಪ್ಪಂದ, ಒಂದು ಗೋಲೂ ಇಲ್ಲ, 2011ರ ಮಾರ್ಚ್‌ನಲ್ಲಿ ಬಿಡುಗಡೆ.

ಎಡಗಾಲು ಅವರು ಮನಸ್ಸಿನ ಗಾಯವನ್ನು ಕ್ಲಬ್ಬುಗಳು ಮುಚ್ಚಿಡುತ್ತಿದ್ದವೆಂದದ್ದು ನಿಜ. ಬಾರ್ಸಿಲೋನಾದ ಬೊಯಾನ್ ಕ್ರ್‌ಕಿಚ್ 2008ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಆತಂಕದ ತೀವ್ರ ಆಘಾತದಿಂದ ಸ್ಪೇನ್ ಪರ ಮೊದಲ ಪಂದ್ಯ ಆಡಲಾಗದೆ ಹೋದಾಗ ಹೊರಜಗತ್ತಿಗೆ ಹೇಳಿದ್ದು ಹೊಟ್ಟೆಯ ತೊಂದರೆ ಎಂದು. ನಿಜ ಸಂಗತಿಯನ್ನು ಅವರು ವಿವರವಾಗಿ ಹೇಳಿಕೊಂಡದ್ದು ಸುಮಾರು ಹತ್ತು ವರ್ಷಗಳ ನಂತರ. ಆದರೆ ಬೊಯಾನ್ ದೇಶದಿಂದ ದೇಶಕ್ಕೆ ಹೋಗಿ, ಚಿಕ್ಕ ಕ್ಲಬ್ಬುಗಳಲ್ಲೂ ತಲೆತಗ್ಗಿಸಿ ಆಡುತ್ತಲೇ ಇದ್ದರು. ಒಂದೇ ಬಗೆಯ ಗಾಯವಾದರೂ ಇಬ್ಬರು ಅದನ್ನು ಹೊತ್ತ ರೀತಿ ಬೇರೆ.

ಎಡಗಾಲು

ಬದಲಿಆಟಗಾರ ಅವರೇ, ಹೋಲಿಕೆಯನ್ನು ಅರ್ಧ ಒಪ್ಪುತ್ತೇನೆ. ಆತನಿಗೆ ಸ್ವಂತ ನಿರ್ಧಾರಗಳಿದ್ದವು ಎಂಬುದರಲ್ಲಿ ತಕರಾರಿಲ್ಲ. ಆದರೆ 2009ರ ನಿರ್ಧಾರವನ್ನು ನೀವು ಶಿಸ್ತಿನ ಕೊರತೆಯ ಪಟ್ಟಿಗೆ ಸೇರಿಸಿದ್ದೀರಿ, ನನಗೆ ಅದು ಆತ ಮಾಡಿದ ಅತ್ಯಂತ ಆರೋಗ್ಯಕರ ನಿರ್ಧಾರವಾಗಿ ಕಾಣುತ್ತದೆ. ದೊಡ್ಡ ಸಂಬಳವನ್ನು ಬಿಟ್ಟು, ಯಾರೂ ತನ್ನನ್ನು ಚಕ್ರವರ್ತಿಯೆಂದು ನೋಡದ ಓಣಿಗೆ ಬರಿಗಾಲಲ್ಲಿ ಮರಳಿದ ಮನುಷ್ಯ ಮುಂದಿನ ಏಳೆಂಟು ತಿಂಗಳು ಚೆನ್ನಾಗಿ ಆಡಿದ. ಕೆಟ್ಟದ್ದು ಆ ಮೇಲೆ ಮತ್ತೆ ಇಟಲಿಗೆ ಹೋದದ್ದು.

ಅಂಕಿಪುಸ್ತಕ

ಇದಕ್ಕೆ ಪೂರಕವಾದ ಇನ್ನೊಂದು ಅಂಕಿ ಇದೆ, ಮೊದಲ ಉತ್ತರದಲ್ಲಿ ಬಿಟ್ಟುಹೋಗಿತ್ತು. 2007ರ ನವೆಂಬರ್‌ನಲ್ಲಿ ಇಂಟರ್ ಅವರಿಗೆ ರಜೆ ಕೊಟ್ಟು, ಚೇತರಿಸಿಕೊಳ್ಳಲೆಂದು ಸಾವೊ ಪಾವ್ಲೊ ಕ್ಲಬ್ಬಿನ ಆರೈಕೆ ಕೇಂದ್ರಕ್ಕೆ ಕಳುಹಿಸಿತು; 2008ರ ಮೊದಲರ್ಧ ಅದೇ ಕ್ಲಬ್ಬಿಗೆ ಎರವಲಾಗಿ ಆಡಿ 28 ಪಂದ್ಯಗಳಲ್ಲಿ 17 ಗೋಲು ಗಳಿಸಿದರು. ಇಟಲಿಯಲ್ಲಿ ಹಿಂದಿನ ಒಂದೂವರೆ ವರ್ಷದ ಲೀಗ್ ಪಂದ್ಯಗಳಲ್ಲಿ ಗಳಿಸಿದ್ದು ಆರೇ ಆರು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಎದುರಾಳಿಗಳ ಮಟ್ಟ ಬೇರೆಯಿತ್ತು, ಒಪ್ಪಿದೆ. ಆದರೂ ವ್ಯತ್ಯಾಸ ಅಷ್ಟರಿಂದಲೇ ಬಂದದ್ದಲ್ಲ.

ರಾತ್ರಿಪಂದ್ಯ

ಎಲ್ಲರಿಗೂ ಧನ್ಯವಾದಗಳು. ನನ್ನ ಪ್ರಶ್ನೆಯೇ ಸ್ವಲ್ಪ ತಪ್ಪಾಗಿತ್ತು ಎಂದು ಈಗ ಅನ್ನಿಸುತ್ತಿದೆ. 2005ರ ಗೋಲುಗಳನ್ನು ಮುಂದಿಟ್ಟು ತಂದೆಯ ಸಾವಿನ ಕಥೆಯನ್ನು ಅಲ್ಲಗಳೆಯಬಹುದೆಂದುಕೊಂಡಿದ್ದೆ. ಎಡಗಾಲು ಅವರು ಅದೇ ಗೋಲುಗಳನ್ನು ತಿರುಗಿಸಿ ತೋರಿಸಿದ ಮೇಲೆ, ಗೋಲುಗಳು ನಿಂತ ದಿನವನ್ನು ಕುಸಿತ ಆರಂಭವಾದ ದಿನವೆಂದು ಎಣಿಸಿದ್ದು ನನ್ನ ತಪ್ಪೆಂದು ಒಪ್ಪುತ್ತೇನೆ. ಗೋಲುಗಂಬ ಅವರ 2006ರ ವಿಶ್ಲೇಷಣೆಯನ್ನೂ ಒಪ್ಪುತ್ತೇನೆ, ಆದರೆ ಅದು ಕುಸಿತದ ಕಾರಣವಲ್ಲ, ಕುಸಿತ ಜಗತ್ತಿಗೆಲ್ಲ ಕಂಡ ಸಂದರ್ಭ ಮಾತ್ರ.

ಅಂಕಿಪುಸ್ತಕ ಅವರು ಈಗ ಸೇರಿಸಿದ ದಿನಾಂಕ ನನ್ನನ್ನು ಬಿಡುತ್ತಿಲ್ಲ. ಆಡಬೇಡ, ಮೊದಲು ವಾಸಿಯಾಗು ಎಂದು ಕ್ಲಬ್ಬು ಹೇಳಿದ್ದು 2007ರ ನವೆಂಬರ್‌ನಲ್ಲಿ. ಆ ದೂರವಾಣಿ ಕರೆ ಬಂದು ಮೂರು ವರ್ಷ ಮೂರು ತಿಂಗಳಾದ ಮೇಲೆ.

ಇನ್ನೊಂದು ಸಣ್ಣ ಸಂದೇಹ ಉಳಿದಿದೆ: ರೋಮಾ ಬಿಟ್ಟ ಮೇಲೆ ಬ್ರೆಜಿಲ್‌ನ ಕೊರಿಂಥಿಯನ್ಸ್ ಕ್ಲಬ್ಬಿನಲ್ಲಿದ್ದ ಕಾಲದಲ್ಲಿ ಅವರು ನಿಜವಾಗಿಯೂ ಏನಾದರೂ ಆಡಿದರೇ, ಅಥವಾ ಹೆಸರಿಗಷ್ಟೇ ತಂಡದಲ್ಲಿದ್ದರೇ?

ಗೋಲುಗಂಬ

ಬಹುಪಾಲು ಹೆಸರಿಗೇ. 2011ರ ಏಪ್ರಿಲ್‌ನಲ್ಲಿ, ಸೇರಿದ ಕೆಲವೇ ವಾರಗಳಲ್ಲಿ, ಅಭ್ಯಾಸದ ವೇಳೆ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿಯಿತು, ಶಸ್ತ್ರಚಿಕಿತ್ಸೆಯಾಯಿತು, ಮರಳಲು ಅಕ್ಟೋಬರ್ ಬಂತು. ದೇಹಬಲದ ಮೇಲೆ ನಿಂತ ಆಟವೆಂದು ಅಂಕಿಪುಸ್ತಕ ಅವರು ಹೇಳಿದ್ದರಲ್ಲ, ಅದಕ್ಕೆ ಕೊನೆಯ ಪೆಟ್ಟು ಬಿದ್ದದ್ದು ಆಗ. ಮರುವರ್ಷದ ಮಾರ್ಚ್‌ನಲ್ಲಿ ಕ್ಲಬ್ಬು ಅವರನ್ನು ಬಿಟ್ಟಿತು.

ಆದರೆ ಆ ನಡುವೆ ಒಂದು ಸಂಜೆಯಿದೆ. 2011ರ ನವೆಂಬರ್‌ನಲ್ಲಿ ಅತ್ಲೆಟಿಕೊ ಮಿನೇಯ್ರೊ ವಿರುದ್ಧದ ಪಂದ್ಯ 1–1ರಲ್ಲಿ ನಿಂತಿತ್ತು, ಲೀಗ್ ಪ್ರಶಸ್ತಿಗಾಗಿ ವಾಸ್ಕೊ ಕ್ಲಬ್ಬು ಬೆನ್ನಿಗೇ ಇತ್ತು. ಬದಲಿಯಾಗಿ ಬಂದ ಅಡ್ರಿಯಾನೊ ಮೊದಲಿಗಿಂತ ತುಂಬ ದಪ್ಪಗಿದ್ದರು, ಓಟ ಕುಂಟುತ್ತಿತ್ತು. ಪಂದ್ಯ ಮುಗಿಯಲು ಒಂದೆರಡು ನಿಮಿಷವಿರುವಾಗ ಚೆಂಡು ಎಡಬದಿಯಲ್ಲಿ ಅವರ ಕಾಲಿಗೆ ಬಂತು, ಅವರು ಅದನ್ನು ಎಡಗಾಲಿನಲ್ಲೇ ಗೋಲ್‌ಕೀಪರ್‌ನನ್ನು ದಾಟಿಸಿ ಬಲೆಗೆ ಸೇರಿಸಿದರು. ಕೊರಿಂಥಿಯನ್ಸ್ ಪರ ಅವರ ದೊಡ್ಡ ಕೊಡುಗೆ ಅದೊಂದೇ. ಆ ವರ್ಷ ಕೊರಿಂಥಿಯನ್ಸ್ ಚಾಂಪಿಯನ್ ಆದದ್ದು ಎರಡು ಅಂಕಗಳ ಅಂತರದಿಂದ.